ಅತ್ತೆ ಕೂತರೆ ಸ್ಟಾರ್ಟು

ಕಾರಿರುವವರೆಲ್ಲ ಕಾರಿನಲ್ಲಿ ಓಡಾಡುತ್ತಾರೆ ಎಂದು ತಿಳಿಯುವುದು ಕಾರಿಲ್ಲದವರ ಭ್ರಮೆ. ನಮ್ಮ ಗುಮಾಸ್ತರ ಮನೆ ಮುಂದೆ ಒಂದು ಹಳೆಯ ಕಾರಿತ್ತು. ಅದು ದಿನವೂ ಅವರನ್ನು ನೀರು ಸರಬರಾಜು ಕಚೇರಿಗೆ ಮುಟ್ಟಿಸುತ್ತಿದ್ದುದೂ ನಿಜ. ಆದರೆ ಅದಕ್ಕೆ ಪೆಟ್ರೋಲು ಎಷ್ಟು ಬೇಕಿತ್ತೋ ನೆರೆಹೊರೆಯವರ ತೋಳ್ಬಲವೂ ಅಷ್ಟೇ ಬೇಕಿತ್ತು. ಬೆಳಿಗ್ಗೆ ಗುಮಾಸ್ತರು ಕೀಲಿ ತಿರುಗಿಸಿದರೆ ಕಾರು "ಟಿಕ್" ಎನ್ನುತ್ತಿತ್ತು. ಮತ್ತೆ ತಿರುಗಿಸಿದರೆ ಮತ್ತೊಂದು "ಟಿಕ್". ಅದಕ್ಕಿಂತ ಹೆಚ್ಚು ಮಾತಾಡುವುದು ತನ್ನ ಘನತೆಗೆ ಕಡಿಮೆ ಎಂದು ಅದರ ಅಭಿಪ್ರಾಯ. ಆಗ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಪೇಪರ್ ಮಡಚಿಟ್ಟು ಬೀದಿಗಿಳಿದು, ಡ್ರಿಲ್ ಮಾಡಿಸುವ ದನಿಯಲ್ಲಿ "ಎಲ್ಲರೂ ಬನ್ನಿ! ಎತ್ತರದವರು ಹಿಂದೆ, ಕುಳ್ಳಗಿನವರು ಪಕ್ಕಕ್ಕೆ!" ಎಂದು ಕೂಗುತ್ತಿದ್ದರು. ಬೀದಿಯ ಗಂಡಸರೆಲ್ಲ ಊಟದ ಡಬ್ಬಿಯನ್ನು ತಮ್ಮ ತಮ್ಮ ಕಾರಿನ ಮೇಲಿಟ್ಟು ಬಂದು ತಳ್ಳುತ್ತಿದ್ದರು.

"ಕೆಟ್ಟಿಲ್ಲ, ಕೆಟ್ಟಿಲ್ಲ," ಎಂದು ಗುಮಾಸ್ತರು ಕಿಟಕಿಯಿಂದ ತಲೆ ಹೊರಹಾಕಿ ಹೇಳುತ್ತಿದ್ದರು. "ಹಳೇ ಇಂಜಿನ್ನು ನೋಡಿ, ಬೆಳಿಗ್ಗೆ ಸ್ವಲ್ಪ ಮೈ ಬಿಸಿ ಮಾಡಿಸ್ಬೇಕು. ಇದರ ನಾಡಿ ನನಗೆ ಗೊತ್ತು."

ಈ ನಾಡಿಯ ಮಾತೇ ಎಲ್ಲ ಅನಾಹುತಕ್ಕೂ ಮೂಲ. ಕಾರು ಅಸಲಿಗೆ ಅವರ ಮಾವನವರದು. ಮಾವನವರು ತೀರಿಕೊಂಡ ಮೇಲೆ ಅದನ್ನು ಯಾರು ಇಟ್ಟುಕೊಳ್ಳಬೇಕೆಂಬ ಮಾತು ಬಂತು. ಭಾವಮೈದುನ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಹೊಸ ಕಾರು ಕೊಂಡವನು, "ಆ ಡಬ್ಬಾನ ಗುಜರಿಗೆ ಹಾಕಮ್ಮ" ಎಂದ. ಜೀವಮಾನದಲ್ಲಿ ಸೈಕಲ್ಲಿನ ಚೈನು ಕೂಡ ಹಾಕದಿದ್ದ ಗುಮಾಸ್ತರು ಆಗ ಎದ್ದು ನಿಂತು, "ಛೆ ಛೆ, ನಾನಿಲ್ವಾ? ಇಂಥ ಇಂಜಿನ್ನಿನ ನಾಡಿ ನನಗೆ ಗೊತ್ತು" ಎಂದುಬಿಟ್ಟರು. ಅತ್ತೆ ಇಬ್ಬರ ಮುಖವನ್ನೂ ನೋಡಿ ತೀರ್ಪು ಕೊಟ್ಟರು: "ಓಡೋ ತನಕ ಅಳಿಯಂದಿರ ಹತ್ರ ಇರಲಿ. ನಿಂತ ದಿನ ಗುಜರಿಗೆ."

ಕಾರು ಹೋದರೆ ಗುಮಾಸ್ತರದು ಹೋಗುವುದು ಬರೀ ಕಾರಲ್ಲ. ಕಚೇರಿಯಲ್ಲಿ ಅವರನ್ನು "ಕಾರಿನವರು" ಎನ್ನುತ್ತಿದ್ದರು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಅವರನ್ನು ಏನೂ ಎನ್ನುತ್ತಿರಲಿಲ್ಲ. ಹೀಗಾಗಿ ಕಾರನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಯುತ್ತಿದ್ದರು. ಹಿಂದಿನ ಸೀಟಿಗೆ ಮಾವನವರು ಹೊದಿಸಿದ್ದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹೊರಗಿನ ಯಾರೂ ಕೂರಕೂಡದೆಂದು ಮಾವನವರ ಕಟ್ಟಪ್ಪಣೆಯಿತ್ತು. ಗುಮಾಸ್ತರು ಅದನ್ನು ಚಾಚೂ ತಪ್ಪದೆ ಪಾಲಿಸಿ, ಹೆಂಡತಿಯನ್ನೂ ಹೊರಗಿನವರ ಪಟ್ಟಿಗೆ ಸೇರಿಸಿದ್ದರು. ಮುಂದಿನ ಸೀಟಂತೂ ಅವರ ಕಚೇರಿ ಚೀಲದ್ದು.

"ರೀ, ಒಂದು ಸಂಜೆ ಹೊಳೆ ದಂಡೆ ತನಕ ಹೋಗಿ ಬರೋಣ," ಎಂದು ಹೆಂಡತಿ ಆಗಾಗ ಕೇಳುತ್ತಿದ್ದಳು.

"ಅಲ್ಲಿ ನಿಂತುಹೋದ್ರೆ ತಳ್ಳೋರ್ಯಾರು? ನೀನಾ?" ಎಂದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ ಒಳಗೆ ಹೋಗಿ ಪಾತ್ರೆಗಳ ಸದ್ದು ಹೆಚ್ಚಿಸುತ್ತಿದ್ದಳು.

ಹೀಗಿರುವಾಗ ಅತ್ತೆಯ ಫೋನು ಬಂತು. "ಕೆಲವು ದಿನ ಇದ್ದು, ಕಾರು ಹೇಗಿದೆ ನೋಡ್ಕೊಂಡು ಹೋಗ್ತೀನಿ."

ಗುಮಾಸ್ತರು ಕಾರು ತಳ್ಳಿಸಿಕೊಂಡು ಗ್ಯಾರೇಜಿಗೆ ಓಡಿದರು. ಗ್ಯಾರೇಜಿನವನು ಕಣ್ಣು ಮುಚ್ಚಿ ಬಾನೆಟ್ಟಿಗೆ ಕಿವಿಯಿಟ್ಟು ಕೇಳುವ ಪೈಕಿ. ಇಂಜಿನ್ ಓಡುತ್ತಿಲ್ಲದಿದ್ದರೂ ಅವನಿಗೆ ಏನೋ ಕೇಳಿಸುತ್ತಿತ್ತು. ದೀಪ ಹಾಕಿ ನೋಡಿದ, ದೀಪ ಉರಿಯಿತು. "ಬ್ಯಾಟರಿ ಗಟ್ಟಿಯಾಗಿದೆ ಸಾರ್. ಕಾಯಿಲೆ ಇಗ್ನಿಷನ್‌ದು," ಎಂದು ಘೋಷಿಸಿ ಪ್ಲಗ್ಗು ಬದಲಾಯಿಸಿದ. ಟಿಕ್. ಪಾಯಿಂಟ್ ಬದಲಾಯಿಸಿದ. ಟಿಕ್. ಕಂಡೆನ್ಸರ್, ಆಮೇಲೆ ಕಾಯಿಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇವನ ಗ್ಯಾರೇಜಿನಲ್ಲಿ ಬರೆ ಬೀಳದ ಎಮ್ಮೆಯೇ ಉಳಿಯಲಿಲ್ಲ. ಕಡೆಗೆ, "ಹೊಸ ಸಾಮಾನು ಹೊಂದ್ಕೊಳ್ಳೋಕೆ ಒಂದಿನ ಬೇಕು ಸಾರ್, ನಾಳೆ ನೋಡಿ," ಎಂದು ತಳ್ಳಿಸಿ ಕಳಿಸಿದ.

ಮಾರನೆಯ ದಿನ ಅತ್ತೆಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಾಗ ಕಾರು ಅಲ್ಲೇ ಆರಿಹೋಯಿತು. ಅತ್ತೆ ಬಂದರು. ಗಾತ್ರದಲ್ಲಿ ದೊಡ್ಡವರು, ಮಾತಿನಲ್ಲಿ ಚಿಕ್ಕವರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಅದರಲ್ಲಿ ಬೀಗದ ಕೈಗಳ ನಡುವೆ ಒಂದು ಪುಟ್ಟ ಸ್ಪ್ಯಾನರ್. ಗಂಡನ ನೆನಪಿಗೆ ಇಟ್ಟುಕೊಂಡಿದ್ದಾರೆ ಎಂದು ಬಂಧುಗಳೆಲ್ಲ ಕಣ್ಣಂಚು ಒರೆಸಿಕೊಳ್ಳುತ್ತಿದ್ದ ಸ್ಪ್ಯಾನರ್ ಅದು. ಬಂದವರೇ ಹಿಂದಿನ ಬಾಗಿಲು ತೆಗೆದು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೂತರು. ಅವರ ಕಾರು, ಬೇಡವೆನ್ನುವವರು ಯಾರು? ಗುಮಾಸ್ತರು ಕಣ್ಣು ಮುಚ್ಚಿ ಕೀಲಿ ತಿರುಗಿಸಿದರು.

ಗುರ್ರ್!

ಕಾರು ಸ್ಟಾರ್ಟ್ ಆದದ್ದಕ್ಕೆ ಬೆಚ್ಚಿಬಿದ್ದ ಮಾಲೀಕ ಜಗತ್ತಿನಲ್ಲಿ ಗುಮಾಸ್ತರೊಬ್ಬರೇ ಇರಬೇಕು.

"ಅಡ್ಡಿ ಇಲ್ಲ," ಎಂದರು ಅತ್ತೆ.

"ಕಾಯಿಲ್ ನಾನೇ ಹುಡುಕಿ ಹಾಕಿಸ್ದೆ ಅತ್ತೆ. ನಾಡಿ ಗೊತ್ತಿದ್ರೆ ಇದೆಲ್ಲ ಏನು ಮಹಾ!" ಎಂದರು ಗುಮಾಸ್ತರು.

ಮರುದಿನ ಬೆಳಿಗ್ಗೆ ಅತ್ತೆ ಒಳಗೆ ಟೀ ಕುಡಿಯುತ್ತಿದ್ದಾಗ ಗುಮಾಸ್ತರು ಸಿಳ್ಳೆ ಹಾಕುತ್ತ ಬಂದು ಕೀಲಿ ತಿರುಗಿಸಿದರು. ಟಿಕ್. ಸಿಳ್ಳೆ ನಿಂತಿತು. ಹೆಡ್‌ಮಾಸ್ತರರು ಪೇಪರ್ ಮಡಚಿದರು. ಗುಮಾಸ್ತರು ತುಟಿಗೆ ಬೆರಳಿಟ್ಟು, "ಮೆಲ್ಲಗೆ ಸಾರ್, ಅತ್ತೆ ಒಳಗಿದ್ದಾರೆ," ಎಂದು ಕೈ ಮುಗಿದರು. ಮೂವತ್ತು ವರ್ಷ ಶಾಲೆಯಲ್ಲಿ ಕೂಗಿದವರಿಗೆ ಮೆಲ್ಲಗೆ ಎಂಬುದು ಹೇಗೆ ಬರಬೇಕು? "ಎಲ್ಲರೂ ಮೆಲ್ಲಗೆ ಬನ್ನೀ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಅತ್ತೆ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಏನು ಅಳಿಯಂದಿರೇ, ಇನ್ನೂ ಹೊರಟಿಲ್ಲ?"

ಗುಮಾಸ್ತರ ಬಾಯಿಂದ ಬಂದ ಮಾತು ಅವರಿಗೇ ಆಶ್ಚರ್ಯ ತರಿಸಿತು. "ನಿಮಗೋಸ್ಕರ ಕಾಯ್ತಿದ್ದೆ ಅತ್ತೆ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ... ಆಫೀಸಿಗೆ!"

ಅತ್ತೆಯ ಮುಖ ಅರಳಿತು. "ನಿಮ್ಮ ಮಾವನವರೂ ಹಾಗೇ. ನನ್ನ ಬಿಟ್ಟು ಒಂದು ಹೆಜ್ಜೆ ಹೋಗ್ತಿರಲಿಲ್ಲ," ಎಂದು ಬಂದು ಕೂತರು. ಗುರ್ರ್! ಕಾರು ಹೊರಟಿತು. ಕೈ ಚಾಚಿಕೊಂಡು ತಳ್ಳಲು ನಿಂತಿದ್ದ ಗಂಡಸರು ಹೊಗೆ ಕುಡಿದು ಹಿಂತಿರುಗಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದಳು, ಪಾತ್ರೆಗಳ ಸದ್ದು ಕೇಳಿಸಿತು.

"ಇದು ಕಾಲ್ಗುಣ," ಎಂದರು ಹೆಡ್‌ಮಾಸ್ತರರು. "ಆಯಮ್ಮ ಕಾಲಿಟ್ಟರೆ ಕಾರು ಏಳುತ್ತೆ. ವಿಜ್ಞಾನ ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೆ." ಅವರು ಮೂವತ್ತು ವರ್ಷ ಕಲಿಸಿದ್ದು ವಿಜ್ಞಾನವನ್ನೇ.

ಗುಮಾಸ್ತರಿಗೂ ಇದಕ್ಕಿಂತ ಒಳ್ಳೆಯ ವಿವರಣೆ ಹೊಳೆಯಲಿಲ್ಲ. ಅತ್ತೆ ಇದ್ದರೆ ಗುರ್ರ್, ಇಲ್ಲದಿದ್ದರೆ ಟಿಕ್. ಇದರ ಪರಿಣಾಮ ಏನಾಯಿತೆಂದರೆ, ಅತ್ತೆ ಬೆಳಿಗ್ಗೆ ಕಚೇರಿಗೆ ಬಂದರೆ ಸಂಜೆ ಗುಮಾಸ್ತರು ಹೊರಡುವ ತನಕ ಅಲ್ಲೇ ಇರಬೇಕಾಯಿತು. ಇಲ್ಲದಿದ್ದರೆ ಕಾರು ಮನೆಗೆ ಬರುವುದು ಹೇಗೆ? ಕಚೇರಿಯ ಮೊಗಸಾಲೆಯಲ್ಲಿ, ನೀರು ಬರುತ್ತಿಲ್ಲವೆಂದು ದೂರು ಕೊಡಲು ಬಂದವರು ಕೂರುವ ಬೆಂಚಿನ ಮೇಲೆ ಅವರು ಸ್ವೆಟರ್ ಹೆಣೆಯುತ್ತ ಕೂತರು. ಮೊದಲ ದಿನ ದೂರುದಾರರೆಂದು ತಿಳಿದು ಯಾರೂ ಅವರ ಕಡೆ ನೋಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸಾಹೇಬರಿಗೆ ಊಟದ ಡಬ್ಬಿ ತಂದ ಅವರ ಹೆಂಡತಿ ನೋಡಿದರು, ವಿಚಾರಿಸಿದರು, ಬೆಂಚಿನ ಮೇಲೆ ಪಕ್ಕದಲ್ಲೇ ಕೂತರು.

"ಅಳಿಯ ದಿನಾ ಕರ್ಕೊಂಡು ಬರ್ತಾರಾ? ಆಫೀಸಿಗೂ?"

"ನನ್ನ ಬಿಟ್ಟು ಬರಲ್ಲ ಅಂತಾರಮ್ಮ. ನಾನೇನು ಮಾಡ್ಲಿ?"

ಸಾಹೇಬರ ಹೆಂಡತಿ ಊಟದ ಡಬ್ಬಿ ಕೊಡುವುದನ್ನೇ ಮರೆತು ಮನೆಗೆ ಹೋದರು. ಅವರ ತಾಯಿ ಬಂದು ಹೋಗಿ ಎರಡು ವರ್ಷವಾಗಿತ್ತು. ಬಂದಾಗ ಸಾಹೇಬರು ಟೂರ್ ಹಾಕಿಕೊಂಡು ಹೋಗಿದ್ದರು, ಆ ತಾಯಿ ಊರಿಗೆ ಮರಳುವ ತನಕ ಮನೆಗೆ ಬಂದಿರಲಿಲ್ಲ.

ಸುದ್ದಿ ಬೀದಿಯಲ್ಲಿ ಕಾಳ್ಗಿಚ್ಚಾಯಿತು. "ನೋಡಿ ಕಲ್ತುಕೊಳ್ಳಿ!" ಎಂಬ ಮಾತು ಮನೆ ಮನೆಯಲ್ಲೂ ಊಟದ ಜೊತೆ ಬಡಿಸಲ್ಪಟ್ಟಿತು. ಹಿಂದೆ ಕಾರು ತಳ್ಳುತ್ತಿದ್ದ ಗಂಡಸರು ಈಗ ಗುಮಾಸ್ತರನ್ನು ಕಂಡರೆ ಮುಖ ತಿರುಗಿಸತೊಡಗಿದರು. ಒಬ್ಬರಂತೂ ಗೇಟಿನ ಹತ್ತಿರ ನಿಲ್ಲಿಸಿ, "ಹಲ್ಲು ಕಿತ್ತ ದಿನವೂ ನಿಮ್ಮ ಕಾರು ತಳ್ಳಿದ್ದೀನಲ್ಲ ಮಾರಾಯ್ರೇ, ಅದಕ್ಕೆ ಹೀಗಾ ಸೇಡು ತೀರಿಸ್ಕೊಳ್ಳೋದು?" ಎಂದು ಗದ್ಗದಿತರಾದರು.

ಸಾಹೇಬರು ಕೋಣೆಗೆ ಕರೆಸಿ ಬಾಗಿಲು ಹಾಕಿದರು. ಸಾಹೇಬರದು ಕುರ್ಚಿ ತುಂಬಿ ಹೊರಗೂ ಸ್ವಲ್ಪ ಉಳಿಯುವ ದೇಹ.

"ರೀ ಗುಮಾಸ್ತರೇ, ನನಗೆ ಮೂರು ದಿನದಿಂದ ಊಟ ಬಂದಿಲ್ಲ. ನೀವೇನು ಆಟ ಆಡ್ತಿದ್ದೀರಿ?"

ಗುಮಾಸ್ತರು ಅಳುವುದೊಂದು ಬಾಕಿ. ಟಿಕ್‌ನಿಂದ ಹಿಡಿದು ಗುರ್ರ್ ತನಕ ಎಲ್ಲವನ್ನೂ ಹೇಳಿಕೊಂಡರು. "ಅತ್ತೆ ಮೇಲಿನ ಪ್ರೀತಿ ಅಲ್ಲ ಸಾರ್, ಇಗ್ನಿಷನ್ ತೊಂದರೆ. ಅವರಿಗೆ ಗೊತ್ತಾದ್ರೆ ಕಾರು ಗುಜರಿಗೆ ಹೋಗುತ್ತೆ. ಭಾನುವಾರ ಅವರ ಮಗ ಬರ್ತಾನೆ. ಬೀದಿಯವರ ಬಾಯಿಂದ ಕಾಲ್ಗುಣದ ಕಥೆ ಅವನಿಗೂ ಮುಟ್ಟಿದೆ. ಅಮ್ಮನ್ನ ಇಳಿಸಿ ಸ್ಟಾರ್ಟ್ ಮಾಡಿ ತೋರಿಸಿ ಅಂತ ಸವಾಲು ಹಾಕಿದ್ದಾನೆ."

ಸಾಹೇಬರ ಕಣ್ಣಲ್ಲಿ ಬೆಳಕು ಕಂಡಿತು. ಎದ್ದು ಬಂದು ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟರು. ಇಪ್ಪತ್ತು ವರ್ಷದಲ್ಲಿ ಆ ಹೆಗಲಿಗೆ ಸಿಕ್ಕ ಮೊದಲ ಗೌರವ ಅದು. "ಮೊದಲೇ ಹೇಳಬಾರದೇನ್ರೀ? ನಿಮ್ಮ ಕಾರು ರಿಪೇರಿ ಆಗದೆ ನನ್ನ ಸಂಸಾರ ರಿಪೇರಿ ಆಗಲ್ಲ. ಏನು ಸಾಮಾನು ಬೇಕು?"

ಗ್ಯಾರೇಜಿನವನು ಈ ಬಾರಿ ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲಿನ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ್ದ. "ಇದೇ ಸಾರ್ ಕಳ್ಳ. ಅಮ್ಮಾವ್ರು ಕೂತಾಗ ಗಾಡಿ ಅಲುಗೋದು ಕಮ್ಮಿ, ಅದಕ್ಕೆ ಕಿಡಿ ನಿಲ್ಲುತ್ತೆ," ಎಂದು ಶಾಸ್ತ್ರವನ್ನೂ ಹೇಳಿದ್ದ. ಆದರೆ ಆ ಮುಚ್ಚಳ ಸಿಗಬೇಕಲ್ಲ! ಬಿಡಿಭಾಗದ ಅಂಗಡಿಯವನು ಹಳೆಯದನ್ನು ತಿರುಗಿಸಿ ನೋಡಿ, ಕೈಯೆತ್ತಿ ಮುಗಿದು, "ಎಲ್ಲಾದ್ರೂ ಸಿಕ್ಕಿದ್ರೆ ನನಗೂ ತೋರಿಸಿ, ನೋಡ್ಬೇಕು ಅಂತ ಆಸೆ," ಎಂದ.

ಆಮೇಲೆ ನಡೆದ ಹುಡುಕಾಟದಂಥದ್ದು ನೀರು ಸರಬರಾಜು ಇಲಾಖೆಯ ಚರಿತ್ರೆಯಲ್ಲಿ ಹಿಂದೆ ನಡೆದಿರಲಿಲ್ಲ. ಒಡೆದ ಪೈಪು ಹುಡುಕಲು ತಿಂಗಳುಗಟ್ಟಲೆ ಹೊರಡದ ಸಿಬ್ಬಂದಿ ಮುಚ್ಚಳ ಹುಡುಕಲು ಅರ್ಧ ಗಂಟೆಯಲ್ಲಿ ಹೊರಟರು. ಬೀದಿಯ ಗಂಡಂದಿರೂ ಸೇರಿಕೊಂಡರು. ಗುಜರಿ ಅಂಗಡಿಗಳಲ್ಲಿ ಮೊಣಕಾಲಿನ ತನಕ ಕಬ್ಬಿಣದಲ್ಲಿ ನಿಂತು ಕೆದಕಿದರು. ಹೆಡ್‌ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ, ಮೊದಲು ಬೈದು ಆಮೇಲೆ ಮುಚ್ಚಳ ಕೇಳಿದರು. ಎಲ್ಲೂ ಸಿಗಲಿಲ್ಲ.

ಶನಿವಾರ ಸಂಜೆ ಗುಮಾಸ್ತರು ಒಂದು ಕಡತಕ್ಕೆ ಸಹಿ ಹಾಕಿಸಲು ಸಾಹೇಬರ ಮುಂದೆ ನಿಂತರು. ಸಾಹೇಬರು ಪೆನ್ನು ತೆಗೆದುಕೊಂಡರು. ಗುಮಾಸ್ತರು ಪೆನ್ನನ್ನು ನೋಡಲಿಲ್ಲ, ಪೆನ್ನು ಎಲ್ಲಿಂದ ಬಂತೋ ಅದನ್ನು ನೋಡಿದರು. ಕಪ್ಪು ಬಣ್ಣ, ಸುತ್ತ ನಾಲ್ಕು ತೂತು, ನಡುವೆ ಒಂದು.

"ಸಾರ್, ಈ ಪೆನ್ ಸ್ಟ್ಯಾಂಡು..."

"ಕೈ ಹಚ್ಚಬೇಡಿ, ಅದು ಕಲಾಕೃತಿ. ನಮ್ಮ ಮನೆಯವಳು ಪ್ರದರ್ಶನದಲ್ಲಿ ತಗೊಂಡಳು. 'ಮೌನದ ಐದು ಬಾಯಿಗಳು' ಅಂತ ಹೆಸರು."

"ಸಾರ್, ಇದು ಡಿಸ್ಟ್ರಿಬ್ಯೂಟರ್ ಮುಚ್ಚಳ!"

ಸಾಹೇಬರು ಐದು ಬಾಯಿಗಳನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಪೆನ್ನುಗಳನ್ನೆಲ್ಲ ಮೇಜಿನ ಮೇಲೆ ಸುರಿದು ಮುಚ್ಚಳವನ್ನು ಗುಮಾಸ್ತರ ಕೈಗಿತ್ತರು. ಕಲೆಗಿಂತ ಊಟ ದೊಡ್ಡದು.

ಭಾನುವಾರ ಬೀದಿಗೆ ಬೀದಿಯೇ ಸೇರಿತ್ತು. ಸಾಹೇಬರು ಹೆಂಡತಿ ಸಮೇತ ಬಂದಿದ್ದರು. ಭಾವಮೈದುನ ತನ್ನ ಹೊಸ ಕಾರಿನಲ್ಲಿ ಬಂದ. ಅವನ ಬೆನ್ನಿಗೇ ಗುಜರಿಯವನ ಟೆಂಪೋ ಬಂತು, ಹಗ್ಗ ಸಿದ್ಧವಾಗಿತ್ತು.

"ಅಮ್ಮ, ನೀನು ಇಲ್ಲೇ ನಿಂತ್ಕೋ," ಎಂದ ಅವನು. "ಹಾಂ ಭಾವ, ತೋರಿಸಿ ನಿಮ್ಮ ನಾಡಿ ಪರೀಕ್ಷೆ."

ಮುಚ್ಚಳ ಕೂರಿಸಿದ್ದ ಗ್ಯಾರೇಜಿನವನು ಹೆಬ್ಬೆರಳೆತ್ತಿದ. ಗುಮಾಸ್ತರು ಚಾಲಕನ ಸೀಟಿನಲ್ಲಿ ಕೂತು ಸುತ್ತ ನೋಡಿದರು. ಅಷ್ಟೂ ಗಂಡಂದಿರ ಕಣ್ಣಿನಲ್ಲಿ ಒಂದೇ ಪ್ರಾರ್ಥನೆ. ಕೀಲಿ ತಿರುಗಿಸಿದರು.

ಟಿಕ್.

ಬೀದಿ ಉಸಿರು ಬಿಟ್ಟಿತು. ಮತ್ತೆ ತಿರುಗಿಸಿದರು. ಟಿಕ್. ಗ್ಯಾರೇಜಿನವನು ಎತ್ತಿದ ಹೆಬ್ಬೆರಳನ್ನು ಜೇಬಿಗಿಳಿಸಿ ಜನರ ಮಧ್ಯೆ ಕರಗಿಹೋದ. ಗುಜರಿಯವನು ಹಗ್ಗ ಬಿಚ್ಚಿದ. ಗುಮಾಸ್ತರು ಆ ಹಗ್ಗವನ್ನೇ ನೋಡಿದರು. ನಾಳೆಯಿಂದ ಬಸ್ಸು. ನಾಳೆಯಿಂದ ಮತ್ತೆ ಅವರನ್ನು ಯಾರೂ ಏನೂ ಎನ್ನುವುದಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕೂತರು.

ಅಷ್ಟರಲ್ಲಿ ಸಾಹೇಬರ ಸಹನೆ ಕಿತ್ತುಹೋಯಿತು. "ಏನ್ರೀ ಇದು! ನನ್ನ ಪೆನ್ ಸ್ಟ್ಯಾಂಡೂ ಹೋಯ್ತು, ಊಟವೂ ಹೋಯ್ತು!" ಎಂದು ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಧೊಪ್ಪೆಂದು ಕುಸಿದರು. "ಹೊಡೀರಿ ಇನ್ನೊಂದು ಸಲ!"

ಗುರ್ರ್!

ಎಲ್ಲರೂ ಮೊದಲು ಸಾಹೇಬರ ಗಾತ್ರವನ್ನು ನೋಡಿದರು, ಆಮೇಲೆ ಅತ್ತೆಯ ಗಾತ್ರವನ್ನು ನೋಡಿದರು. ಸಾಹೇಬರಿಗೆ ಕಾಲ್ಗುಣವಿಲ್ಲವೆಂಬುದು ಇಡೀ ಇಲಾಖೆಗೆ ಗೊತ್ತು.

"ಸೀಟು ಎತ್ತಿ!" ಎಂದು ಹೆಡ್‌ಮಾಸ್ತರರು ಗುಡುಗಿದರು.

ಎತ್ತಿದರು. ಈ ಹಳೆಯ ಕಾರಿಗೆ ಬ್ಯಾಟರಿ ಇದ್ದದ್ದೇ ಹಿಂದಿನ ಸೀಟಿನಡಿ. ಬ್ಯಾಟರಿಯಿಂದ ಹೊರಟ ದಪ್ಪ ತಂತಿಯೊಂದನ್ನು ಕಾರಿನ ಮೈಗೆ ಬಿಗಿದಿದ್ದ ನಟ್ಟು ಸಡಿಲವಾಗಿ ತೂಗಾಡುತ್ತಿತ್ತು. ದೀಪ ಉರಿಯುವಷ್ಟು ತಾಕುತ್ತಿತ್ತು, ಇಂಜಿನ್ ತಿರುಗಿಸುವಷ್ಟು ತಾಕುತ್ತಿರಲಿಲ್ಲ. ತೂಕದವರು ಕೂತರೆ ಸೀಟಿನ ಸ್ಪ್ರಿಂಗು ಅದನ್ನು ಒತ್ತಿ ಹಿಡಿಯುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಗುಮಾಸ್ತರು ಕೈಯಾರೆ ನಟ್ಟು ಬಿಗಿದರು. ಅವರ ಜೀವಮಾನದ ಮೊದಲ ರಿಪೇರಿ. ಖಾಲಿ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಂಡಂದಿರು ಕೇಕೆ ಹಾಕಿದರು. ಟೆಂಪೋ ಬರಿಗೈಯಲ್ಲಿ ಹಿಂತಿರುಗಿತು. ಭಾವಮೈದುನ, "ಅದೃಷ್ಟ ಭಾವ ನಿಮ್ಮದು," ಎಂದು ಮುಖ ಹುಳ್ಳಗೆ ಮಾಡಿದ. ಹೊರಗೆ ಗಂಡಸರಿಗೆ ಟೀ ಬಂತು. ಹೆಂಗಸರೆಲ್ಲ ಒಳಗೆ ಅತ್ತೆಯ ಸುತ್ತ ಕೂತು ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಒಳಗಿನಿಂದ ನಗು ಕೇಳುತ್ತಿತ್ತು.

ಅತ್ತೆ ಹೊರಡುವಾಗ ಗುಮಾಸ್ತರು ಪೆಟ್ಟಿಗೆ ಹಿಡಿದು ಗೇಟಿನ ತನಕ ಬಂದರು. ಗೆದ್ದ ಸಂಭ್ರಮದ ನಡುವೆ ಏನೋ ಮುಜುಗರ. ನಾಳೆ ಕಚೇರಿಯ ಬೆಂಚು ಖಾಲಿ ಇರುತ್ತದೆ ಎಂದು ನೆನೆದರೆ ಒಂದು ಥರ ಆಗುತ್ತಿತ್ತು.

"ಅತ್ತೆ, ಆ ನಟ್ಟು ಯಾವಾಗ ಸಡಿಲ ಆಯ್ತೋ ಏನೋ. ಮಾವನವರಿಗೂ ಗೊತ್ತಾಗಲಿಲ್ಲ ನೋಡಿ."

"ಸಡಿಲ ಮಾಡಿದ್ದು ನಾನೇ," ಎಂದರು ಅತ್ತೆ.

ಗುಮಾಸ್ತರು ಪೆಟ್ಟಿಗೆ ಕೆಳಗಿಟ್ಟರು.

"ಮದುವೆ ಆದ ಹೊಸದರಲ್ಲಿ ಸಂಜೆ ಆದ್ರೆ ಸಾಕು, ಅವರು ಕಾರು ತಗೊಂಡು ಇಸ್ಪೀಟಿಗೆ ಹೋಗ್ತಿದ್ರು. ನಾನು ಕಿಟಕೀಲಿ ಕೂತು ದಾರಿ ಕಾಯ್ತಿದ್ದೆ. ಒಂದಿನ ಸೀಟು ಎತ್ತಿ ಗುಡಿಸುವಾಗ ಆ ನಟ್ಟು ಕಾಣಿಸ್ತು. ಆವತ್ತಿಂದ ನನ್ನ ಬಿಟ್ಟು ಅವರ ಕಾರು ಹೊರಟಿಲ್ಲ. ಆಗ ನಾನು ಸಣ್ಣಗಿದ್ದೆ, ನಟ್ಟೂ ಸ್ವಲ್ಪವೇ ಸಡಿಲ ಇತ್ತು. ಆಮೇಲೆ ಇಬ್ಬರೂ ಜೊತೆಜೊತೆಗೆ ಬೆಳೆದ್ವಿ."

"ಮಾವನವರಿಗೆ... ಕಡೇ ತನಕ ಗೊತ್ತಾಗಲೇ ಇಲ್ವಾ?"

ಅತ್ತೆ ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು. "ಗೊತ್ತಿಲ್ದೆ ಏನು? ಆ ಸೀಟಿಗೆ ಹೊದಿಕೆ ಹಾಕಿಸಿ, ಬೇರೆ ಯಾರೂ ಇಲ್ಲಿ ಕೂರಬಾರದು ಅಂದಿದ್ದು ಯಾರು ಅಂದ್ಕೊಂಡ್ರಿ? ಅವರಿಗೂ ಅಭ್ಯಾಸ ಆಗಿಹೋಗಿತ್ತು, ಅಳಿಯಂದಿರೇ." ಹೀಗೆ ಹೇಳಿ ಮಗನ ಹೊಸ ಕಾರು ಹತ್ತಿದರು. ಅವರ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರಲಿಲ್ಲ. ಗುಮಾಸ್ತರು ಅದನ್ನು ಗಮನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಗುಮಾಸ್ತರು ಸಿಳ್ಳೆ ಹಾಕುತ್ತ ಬಂದು, ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೀಲಿ ತಿರುಗಿಸಿದರು.

ಟಿಕ್.

ಇಳಿದು ಸೀಟು ಎತ್ತಿದರು. ನಟ್ಟು ಸಡಿಲವಾಗಿರಲಿಲ್ಲ. ನಟ್ಟೇ ಇರಲಿಲ್ಲ.

ತಲೆಯೆತ್ತಿ ನೋಡಿದರೆ ಹೆಂಡತಿ ಹೊರಗೆ ಹೋಗುವ ಸೀರೆಯುಟ್ಟು ಮೆಟ್ಟಿಲ ಮೇಲೆ ನಿಂತಿದ್ದಾಳೆ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಅದರಲ್ಲಿ ಪುಟ್ಟ ಸ್ಪ್ಯಾನರ್. "ನಟ್ಟು ನನ್ನ ಹತ್ರ ಇದೆ," ಎಂದಳು. "ಹೊಳೆ ದಂಡೆಗೆ ಹೋಗಿ ಬಂದ ಮೇಲೆ ಆಫೀಸು."

ಗುಮಾಸ್ತರು ಬಾಯಿ ತೆರೆಯುವ ಮುಂಚೆ ಪಕ್ಕದ ಮನೆಯ ಗೇಟಿನೊಳಗಿಂದ "ಟಿಕ್" ಎಂಬ ಸದ್ದು ಬಂತು. ಅದರಾಚೆ ಮನೆಯಿಂದ ಇನ್ನೊಂದು. ಬೀದಿಯುದ್ದಕ್ಕೂ ಟಿಕ್, ಟಿಕ್. ಎಲ್ಲ ಮನೆಯ ಮೆಟ್ಟಿಲ ಮೇಲೂ ಹೊರಗೆ ಹೋಗುವ ಉಡುಪಿನಲ್ಲಿ ಒಬ್ಬೊಬ್ಬ ಹೆಂಗಸು. ಹೆಡ್‌ಮಾಸ್ತರರು ಪೇಪರ್ ಮಡಚಿಟ್ಟು ಬೀದಿಗಿಳಿದು, "ಎಲ್ಲರೂ ಬನ್ನಿ!" ಎಂದು ಕೂಗಿದರು. ಯಾರೂ ಬರಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾರಿನಲ್ಲಿ ಕೂತಿದ್ದರು.

ಫೋನು ಬಡಿದುಕೊಂಡಿತು. ಆ ಕಡೆ ಸಾಹೇಬರು. "ರೀ ಗುಮಾಸ್ತರೇ! ನಿಮ್ಮ ಅತ್ತೆ ನಮ್ಮ ಮನೆಯವಳಿಗೆ ಏನ್ರೀ ಹೇಳ್ಕೊಟ್ಟು ಹೋದ್ರು?"

ಗುಮಾಸ್ತರು ಹೆಂಡತಿಯನ್ನೊಮ್ಮೆ ನೋಡಿದರು. ಮುಂದಿನ ಸೀಟಿನಲ್ಲಿದ್ದ ಚೀಲವನ್ನೊಮ್ಮೆ ನೋಡಿದರು.

"ಇವತ್ತು ನನಗೆ ರಜೆ ಸಾರ್," ಎಂದು ಫೋನು ಇಟ್ಟು, ಚೀಲವನ್ನು ಎತ್ತಿ ಹಿಂದಿನ 'ಯಾರೂ ಕೂರಬಾರದ' ಸೀಟಿಗೆ ಹಾಕಿದರು.